ಹೆಪ್ಪು

ಎಂಟು ಹದಿನಾಲ್ಕರ ಫಾಸ್ಟ್ ಲೋಕಲ್‌ನಲ್ಲಿ ಶೌಚಾಲಯವಿಲ್ಲ.
ಡೊಂಬಿವಲಿ ಬಿಟ್ಟರೆ ಠಾಣೆ, ಆಮೇಲೆ ಘಾಟ್ಕೋಪರ್, ಕುರ್ಲಾ, ದಾದರ್.
ಬೇರೆಯವರಿಗೆ ಇವು ಸ್ಟೇಷನ್ನು. ನನಗೆ ಬಾಗಿಲುಗಳು:
ಠಾಣೆಯದಕ್ಕೆ ಚಿಲಕವಿಲ್ಲ,
ಘಾಟ್ಕೋಪರಿನಲ್ಲಿ ಎರಡು ರೂಪಾಯಿ, ಚಿಲ್ಲರೆ ಇರಲೇಬೇಕು,
ಕುರ್ಲಾದಲ್ಲಿ ಸರತಿ,
ದಾದರಿನವರೆಗೆ ತಡೆದರೆ ಆ ದಿನ ನಾನು ಗೆದ್ದೆ.

ಕಿಟಕಿ ಪಕ್ಕದವಳು ಕೇಳುತ್ತಾಳೆ,
ಯಾಕೆ ಯಾವಾಗಲೂ ಬಾಗಿಲ ಹತ್ತಿರವೇ ನಿಲ್ಲುತ್ತೀಯ?
ಗಾಳಿ, ಎನ್ನುತ್ತೇನೆ.

ಅವಳಿ ನಾವು. ವಾರಿಜ ಹನ್ನೊಂದು ನಿಮಿಷ ದೊಡ್ಡವಳು.
ಲಾಲ್‌ಬಾಗಿನ ಚಾಳಿನಲ್ಲಿ ಅವಳಿಗೆ ಬೀಳಬೇಕಾದ ಪೆಟ್ಟನ್ನು
ಗುರುತು ಸಿಗದೆ ನಾನೇ ಎರಡು ಸಲ ತಿಂದಿದ್ದೇನೆ.
ಅದೇ ಕಿವಿ, ಅದೇ ಸೊಟ್ಟ ಕಿರುಬೆರಳು,
ನಗುವಾಗ ಎಡಗಡೆ ಮಾತ್ರ ಬೀಳುವ ಅದೇ ಗುಳಿ.
ಅವಳು ಈಗಲೂ ಮಿಸಳಿಗೆ ಹಸಿಮೆಣಸು ಕಚ್ಚಿ
ಇನ್ನೊಂದು ಪಾವ್ ಕೇಳುತ್ತಾಳೆ.
ನನಗೆ ಮಜ್ಜಿಗೆಯನ್ನ. ಕೆಲವು ದಿನ ಅದೂ ಇಲ್ಲ.
ರಕ್ತ ಕಂಡ ಬೆಳಗ್ಗೆ ಬರೀ ಗಂಜಿತಿಳಿ.

ಹೊಟ್ಟೆಕಿಚ್ಚು ಎಂಬ ಮಾತಿಗೆ
ನಿಘಂಟಿನಲ್ಲಿ ಒಂದೇ ಅರ್ಥ ಇದ್ದರೆ ಸಾಲದು.

ಪೆಡಣೇಕರ್ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು.
ನನ್ನದೇ ಒಳಗು:
ಮಳೆಗಾಲ ಮುಗಿದ ಮೇಲಿನ ರಸ್ತೆ. ಗುಂಡಿ. ಕೆಂಪು ನೀರು.
"ಒಂದು ಜೀನಿನ ಕೆಲಸವಲ್ಲ ಇದು. ಇನ್ನೂರಕ್ಕೂ ಹೆಚ್ಚು ಕಡೆ
ಅಕ್ಷರ ಆಚೀಚೆ ಆಗಬಹುದು. ಯಾವುದೂ ಒಂಟಿಯಾಗಿ ಅಪರಾಧಿಯಲ್ಲ."
ಹಾಗಾದರೆ ವಾರಿಜ? ಅವಳಿಗೂ ಅದೇ ಅಕ್ಷರ ತಾನೆ?
ಅವರು ಕನ್ನಡಕ ಒರೆಸಿದರು.
"ಕರುಳೊಳಗೆ ಕೋಟಿಗಟ್ಟಲೆ ಬಾಡಿಗೆದಾರರು.
ಹಳಬರು, ಪಗಡಿ ಕೊಟ್ಟು ಕೂತವರು.
ನಿಮ್ಮ ವಾಚ್‌ಮನ್ನಿಗೆ ಅವರ ಮುಖ ಮರೆತುಹೋಗಿದೆ.
ದಿನಾ ಲಾಠಿ ಎತ್ತುತ್ತಾನೆ. ಪೆಟ್ಟು ಗೋಡೆಗೂ ಬೀಳುತ್ತದೆ."
ಅವಳ ವಾಚ್‌ಮನ್?
"ಅವನೂ ಅದೇ ಊರಿನವನೇ. ಅಲ್ಲಿ ಬಾಡಿಗೆದಾರರು ಬೇರೆ ಇರಬೇಕು."
ಇರಬೇಕು ಅಂದರೆ?
"ಇರಬೇಕು ಅಂದರೆ, ನಮಗೂ ಪೂರ್ತಿ ಗೊತ್ತಿಲ್ಲ."

ಆ ಗೊತ್ತಿಲ್ಲವನ್ನು ಕೊಲೈಟಿಸ್ ಎಂದು ಬರೆದ ಫೈಲಿನಲ್ಲಿಟ್ಟು ತಂದೆ.

ಹೆಪ್ಪಿಗೆ ಅಮ್ಮ ಬಟ್ಟಲು ಹಿಡಿದು ಹೋಗುತ್ತಿದ್ದದ್ದು
ಹದಿನೇಳನೇ ಖೋಲಿಯ ಕುಂದಾತಾಯಿಯ ಹತ್ತಿರ.
ಒಂದೇ ಪಾತ್ರೆಯ ಹಾಲು, ಎರಡು ಗಡಿಗೆ.
ಅವರ ಹೆಪ್ಪಿನದು ಗಟ್ಟಿ, ಸಿಹಿ.
ನಮ್ಮ ನಿನ್ನೆಯದರದು ಲೋಳೆ ಎಳೆಯುತ್ತಿತ್ತು.
ಹಾಲಿನ ತಪ್ಪೇನಿತ್ತು?

ಭಾನುವಾರ ಕಲ್ಯಾಣಿಗೆ ಹೋದೆ, ವಾರಿಜನ ಮನೆಗೆ.
ಅಮ್ಮ ಬಟಾಣಿ ಸುಲಿಯುತ್ತ ನೆನೆದಳು:
ಎರಡು ವರ್ಷಕ್ಕೆ ನನಗೆ ನ್ಯುಮೋನಿಯಾ,
ಪರೇಲಿನ ಆಸ್ಪತ್ರೆ, ತಿಂಗಳೊಪ್ಪತ್ತು ಗುಲಾಬಿ ಔಷಧ.
ಅಷ್ಟು ದಿನ ವಾರಿಜ ಕುಂದಾತಾಯಿಯ ಮಡಿಲಲ್ಲಿ,
ಚಾಳಿನ ಚೌಕದ ಮಣ್ಣು ತಿಂದುಕೊಂಡು, ಬೆಕ್ಕಿನ ಜೊತೆ ಮಲಗಿಕೊಂಡು.
"ಬದುಕಲಿ ಅಂತ ಕುಡಿಸಿದೆ ಮಗಾ," ಅಂದಳು.
ಸಿಪ್ಪೆಯೊಂದು ಕಾಳಿನ ತಟ್ಟೆಗೆ ಬಿತ್ತು.
ಅದು ಕಾರಣವಲ್ಲಮ್ಮ, ಎಂದೆ.
ಆಗಿರಲೂಬಹುದು.
ಕುಡಿಸದಿದ್ದರೆ ನೋಯಲು ಈ ಹೊಟ್ಟೆಯೇ ಇರುತ್ತಿರಲಿಲ್ಲ.

ವಾರಿಜ ಒಗ್ಗರಣೆ ಸೌಟು ಹಿಡಿದೇ ಹೊರಬಂದಳು.
"ಗಟ್ಟಿಮುಟ್ಟಾದವರ ಹೊಟ್ಟೆಯ ಬ್ಯಾಕ್ಟೀರಿಯಾ ತೆಗೆದು
ಕಾಯಿಲೆಯವರಿಗೆ ಕೊಡುತ್ತಾರಂತೆ. ಯಾವುದರಿಂದ ತೆಗೀತಾರೆ ಗೊತ್ತಾ?"
ಗೊತ್ತು.
"ಸೀರೆ ಕೊಟ್ಟೆ, ಬಳೆ ಕೊಟ್ಟೆ, ನಿನ್ನ ಹೆಸರಲ್ಲಿ ಗಣಿತ ಪರೀಕ್ಷೆಗೆ ಕೂತೆ.
ಇದೊಂದು ಬಾಕಿ ಇತ್ತು, ತಗೋ ಮಾರಾಯ್ತಿ!"
ಅಮ್ಮ ಸೆರಗನ್ನು ಬಾಯಿಗಿಟ್ಟು ನಕ್ಕಳು,
ಆಮೇಲೆ ಕಣ್ಣಿಗಿಟ್ಟಳು.
ಅದಿನ್ನೂ ಪ್ರಯೋಗದಲ್ಲಿದೆ, ಎಲ್ಲರಿಗೂ ಹಿಡಿಯುವುದಿಲ್ಲ,
ಇದನ್ನು ನಾನು ಹೇಳಲಿಲ್ಲ.

ರಾತ್ರಿ ಪಾತ್ರೆ ತೊಳೆಯುವಾಗ ಮೆಲ್ಲಗೆ ಕೇಳಿದಳು,
"ನನಗೂ ಬರಬಹುದಾ?"
ಅದೇ ಸೊಟ್ಟ ಕಿರುಬೆರಳು ನೊರೆಯಲ್ಲಿ ನಿಂತಿತ್ತು.

ಹಾಲಿಗೆ ಬೆರಳದ್ದಿ ನೋಡಿದೆ. ಉಗುರುಬೆಚ್ಚಗಿತ್ತು.
ಒಂದು ಚಮಚ ಹೆಪ್ಪು ಬೆರೆಸಿ ತಟ್ಟೆ ಮುಚ್ಚಿದೆ.
ನಾಳೆ ನಿನ್ನ ಜೊತೆ ನಾನೂ ಬರುತ್ತೇನೆ, ಎಂದಳು,
ಕೈ ಒರೆಸಿಕೊಂಡು ಸಾಸಿವೆ ಡಬ್ಬಿ ಸುರಿದು
ಎರಡು ರೂಪಾಯಿ ನಾಣ್ಯಗಳನ್ನು ಆರಿಸತೊಡಗಿದಳು,
ಘಾಟ್ಕೋಪರಿಗೆ.